ಸತ್ತ ಮೂಲೆಯ ಹಣ್ಣು

ಸಿಟ್ಟು ನನಗೆ ತಡವಾಗಿ ಬರುತ್ತದೆ. ಬಂದ ಮೇಲೆ ಮಾತ್ರ ದೂರದ ನೆಂಟರ ಹಾಗೆ ಕಾಲು ಚಾಚಿ ಕೂತುಬಿಡುತ್ತದೆ, ಹೋಗು ಎಂದರೂ ಹೋಗುವುದಿಲ್ಲ. ಈ ಸಲ ಎಳ್ಳಮವಾಸ್ಯೆಯಂದು ಬಂದದ್ದು ತನುಜಾಳ ಬಯಕೆ ಬುತ್ತಿಯ ದಿನದವರೆಗೂ ನನ್ನ ಜೊತೆಗೇ ಉಂಡಿತು, ಮಲಗಿತು, ಎದ್ದಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ನನಗೇನೂ ನಾಚಿಕೆಯಿಲ್ಲ. ನನ್ನ ಗಂಡನ ಅಣ್ಣ ಚನ್ನೇಶನ ಮೇಲೆ.

ಸವಣೂರಿನಲ್ಲಿ ನಮ್ಮದು ಎಲೆ ತೋಟದ ಮನೆ. ಮಾವನ ಕಾಲದಿಂದ ವೀಳ್ಯದೆಲೆಯೇ ನಮಗೆ ಅನ್ನ. ಮಾವ ತೀರಿಕೊಂಡ ಮೇಲೆ ತೋಟ, ಪೇಟೆಯಲ್ಲಿನ ಎಲೆ ಅಂಗಡಿ, ಮನೆಯ ಕೀಲಿಗಳು ಎಲ್ಲವೂ ಭಾವನ ಉಡದಾರಕ್ಕೆ ಸೇರಿದವು. ನನ್ನ ಗಂಡ ಸಂಜಯ ಅದೇ ಅಂಗಡಿಯಲ್ಲಿ ಕೂತು ಎಲೆ ಎಣಿಸುತ್ತಾನೆ. ಒಳ್ಳೆಯ ಮನುಷ್ಯ, ಯಾರ ಗೊಡವೆಗೂ ಹೋಗುವವನಲ್ಲ. ಅಣ್ಣ ಎದುರಿಗೆ ಬಂದರೆ ಮಾತ್ರ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡವನ ಹಾಗೆ ಸುಮ್ಮನಾಗುತ್ತಾನೆ. ಇಂಥವನನ್ನು ಕಟ್ಟಿಕೊಂಡ ಮೇಲೆ ನನ್ನ ಮಾತು ನಾನೇ ಆಡಬೇಕಲ್ಲ, ಆಡುತ್ತೇನೆ.

ತೋಟದ ಮೂಡಣ ತುದಿಯಲ್ಲಿ ಒಂದು ಮೂಲೆಯಿದೆ. ಬಳ್ಳಿ ಹಬ್ಬಿಸಲು ಬೆಳೆಸಿದ್ದ ನುಗ್ಗೆ, ಚೊಗಚೆ ಗಿಡಗಳೆಲ್ಲ ಅಲ್ಲಿ ಒಂದು ವರ್ಷ ಗಾಳಿಗೆ ಮುರಿದು ಬಿದ್ದವು. ನೆರಳು ಹೋಯಿತು, ಎಲೆಬಳ್ಳಿ ಬಿಸಿಲಿಗೆ ಸುಟ್ಟು ಕರಿದಾಯಿತು. ಮತ್ತೆ ಯಾರೂ ಅತ್ತ ಹೋಗಲಿಲ್ಲ. ಮನೆಯಲ್ಲಿ ಅದಕ್ಕೆ ಸತ್ತ ಮೂಲೆ ಎಂದೇ ಹೆಸರು ಬಿತ್ತು.

ನನ್ನ ಅಕ್ಕನನ್ನು ಸಾತಾರಾ ಜಿಲ್ಲೆಯ ವಾಯಿ ಕಡೆ ಕೊಟ್ಟಿದ್ದಾರೆ. ಅವಳ ಬಾಣಂತನಕ್ಕೆಂದು ಹೋದವಳು ಅಲ್ಲಿ ಸ್ಟ್ರಾಬೆರಿ ಹೊಲ ನೋಡಿದೆ. ಗೇಣುದ್ದದ ಗಿಡ, ಎಲೆಯ ಕೆಳಗೆ ಕೆಂಪು ಹಣ್ಣು. ಅಕ್ಕನ ಅತ್ತೆಮನೆಯ ಹೆಂಗಸರು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿಗೆ ಇಳಿದರೆ ಬಿಸಿಲೇರುವುದರೊಳಗೆ ಡಬ್ಬಿಗಳು ತುಂಬುತ್ತಿದ್ದವು. ನಾನೂ ಅವರ ಜೊತೆ ಸಾಲಿಗಿಳಿದೆ. ಬರುವಾಗ ತಲೆತುಂಬ ಅದೇ ತುಂಬಿಕೊಂಡು ಬಂದೆ.

ಒಂದು ಬೆಳಿಗ್ಗೆ ಭಾವ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಅತ್ತೆ ಸುಶೀಲವ್ವ ಪಕ್ಕದಲ್ಲೇ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಸಂಜಯ ಚಪ್ಪಲಿ ಹುಡುಕುತ್ತಿದ್ದ. ಕೇಳಿದೆ.

“ಭಾವಾರ, ಆ ಸತ್ತ ಮೂಲಿ ಸುಮ್ನ ಬಿದ್ದೈತಿ. ನಾ ಅಲ್ಲಿ ಏನರ ಹಚ್ಚಲೇನ್ರಿ?”

ಭಾವ ಚಹಾದ ಬಸಿ ಕೆಳಗಿಟ್ಟು ನಕ್ಕ. “ಹಚ್ಚವಾ, ಹಚ್ಚು. ಅಲ್ಲಿ ಕಸಾ ಸೈತ ಬೆಳಿಯಂಗಿಲ್ಲ. ಇವತ್ತಿನಿಂದ ಆ ಮೂಲಿ ನಿಂದಽ ಅಂತ ತಿಳಕೋ. ಗಿಡಾನರ ಹಚ್ಚು, ಊದಿನಕಡ್ಡಿನರ ಹಚ್ಚು, ನಾ ಯಾಕಂತ ಕೇಳಂಗಿಲ್ಲ.”

ಮೊರ ಕುಣಿಸುತ್ತಿದ್ದ ಅತ್ತೆಯೂ ನಕ್ಕಳು. ಸಂಜಯನೂ ನಕ್ಕ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಇಬ್ಬರೂ ಕೇಳಿಸಿಕೊಂಡಿದ್ದರು ಎನ್ನುವುದಕ್ಕೆ.

ಗಣಪತಿ ಹಬ್ಬ ಮುಗಿದ ಮೇಲೆ ಅಕ್ಕ ಬಸ್ಸಿನಲ್ಲಿ ಸಸಿ ಕಳಿಸಿದಳು. ನಮ್ಮ ತೋಟದಲ್ಲಿ ಎಲೆ ಕೊಯ್ಯಲು ಬರುವ ಚಾಂದಬಿ ನನ್ನ ಜೊತೆ ನಿಂತಳು. ಇಬ್ಬರೂ ಸೇರಿ ಸುಟ್ಟ ಬಳ್ಳಿಯ ಬೇರು ಕಿತ್ತೆವು, ಗೊಬ್ಬರ ಹೊತ್ತೆವು, ಎತ್ತರದ ಮಡಿ ಮಾಡಿ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆವು, ಹಾಳೆಗೆ ತೂತು ಮಾಡಿ ಸಸಿ ಇಟ್ಟೆವು. ಎಲೆಬಳ್ಳಿಯನ್ನು ವರ್ಷಕ್ಕೊಮ್ಮೆ ಇಳಿಸಿ ಸುತ್ತಿ ಮಣ್ಣಲ್ಲಿ ಹೂಳುವುದು ನಮ್ಮ ತೋಟಗಳ ಪದ್ಧತಿ. ಆ ಕೈಯ ರೂಢಿಯಲ್ಲಿ ಚಾಂದಬಿ ಮೊದಲ ಸಾಲಿನ ಸಸಿಗಳನ್ನೆಲ್ಲ ಕತ್ತಿನವರೆಗೆ ಹೂತುಬಿಟ್ಟಳು.

“ಅಯ್ಯ, ಜೀವಂತ ಹುಗುದ್ಯಲ್ಲಬೇ! ಸುಳಿ ಮ್ಯಾಲೆ ಕಾಣಬೇಕು, ಇಲ್ಲಾಂದ್ರ ಕೊಳೀತಾವ,” ಎಂದೆ.

“ಎಲಿ ತ್ವಾಟದ ಕೈ ಐತೆವಾ ಇದು. ಮಣ್ಣು ಕಂಡ್ರ ಹುಗೀತೈತಿ,” ಎಂದು ತನ್ನ ಕೈಗೇ ಒಂದೇಟು ಹಾಕಿಕೊಂಡಳು. ಸಾಲನ್ನೆಲ್ಲ ಮತ್ತೆ ಎತ್ತಿ ಇಟ್ಟೆವು.

ಫೋನಿನಲ್ಲಿ ಅಕ್ಕ ದಿನಾ ಒಂದೇ ಮಂತ್ರ ಹೇಳುತ್ತಿದ್ದಳು. “ನೀರು ಬೇರಿಗೆ ಕೊಡು, ಹಣ್ಣಿಗೆ ತೋರಸಬ್ಯಾಡ. ಹಣ್ಣು ಒಮ್ಮೆ ತೋಯ್ತು ಅಂದ್ರ ಮುಗೀತು.” ಹಾಳೆಯ ಕೆಳಗೆ ಹನಿ ನೀರಿನ ಪೈಪು ಎಳೆದೆ. ಮೊದಲು ಬಂದ ಹೂವುಗಳನ್ನು ಚಿವುಟಿ ಹಾಕಿದೆ, ಗಿಡ ಗಟ್ಟಿಯಾಗಲಿ ಎಂದು. ಓಣಿಯವರು ಬೇಲಿಯ ಆಚೆ ನಿಂತು, “ಸತ್ತ ಮೂಲಿಗೆ ಕರೇ ಸೀರಿ ಉಡಿಸ್ಯಾಳ ನೋಡ್ರಿ,” ಎಂದು ಆಡಿಕೊಂಡರು. ಭಾವ ಅಂಗಡಿಯಲ್ಲಿ ಕೂತು ಅದನ್ನೇ ಹೇಳಿ ನಗಿಸುತ್ತಿದ್ದನಂತೆ. ನಗಲಿ ಬಿಡು ಎಂದೆ. ಆಗ ನನಗೆ ಸಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ ಆ ಮೂಲೆಗೆ ಯಾವಾಗ ಹೋದೇನು ಎನಿಸುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಒಂದು ಟ್ರಂಕು. ಈಗ ಒಂದು ಮೂಲೆ ಭೂಮಿ ಇತ್ತು.

ಎಳ್ಳಮವಾಸ್ಯೆಯಂದು ಮನೆಮಂದಿಯೆಲ್ಲ ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ತೋಟಕ್ಕೆ ಹೋದೆವು. ಭೂಮಿತಾಯಿಗೆ ಚರಗ ಚೆಲ್ಲುತ್ತ, ಎಂದರೆ ಎಡೆಯ ಅನ್ನವನ್ನು ಹೊಲದ ನಾಲ್ಕೂ ಕಡೆ ಬೀರುತ್ತ ಭಾವ ಸತ್ತ ಮೂಲೆಗೆ ಬಂದ. ಬಂದವನು ಅಲ್ಲೇ ನಿಂತ. ಮಡಿಯ ಅಂಚಿನುದ್ದಕ್ಕೂ ಹಣ್ಣು ಜೋತುಬಿದ್ದಿದ್ದವು. ಒಂದು ಕಿತ್ತು ಬಾಯಿಗೆ ಹಾಕಿಕೊಂಡ. ಇನ್ನೊಂದು. ಚರಗದ ಬುಟ್ಟಿ ಕೆಳಗಿಟ್ಟು ಮತ್ತೊಂದು.

“ಅಲಾ ಇವನ! ಏನ್ ಬಂಗಾರದಂಥಾ ಹಣ್ಣು ಬಂದಾವಲೇ ನಮ್ಮ ತ್ವಾಟದಾಗ!” ಎಂದ. ಫೋನು ತೆಗೆದು ಗಿಡಗಳ ನಡುವೆ ಕೂತು ತನ್ನ ಫೋಟೋ ತೆಗೆಸಿಕೊಂಡ. ನಾವು ಊಟಕ್ಕೆ ಕೂರುವಷ್ಟರಲ್ಲಿ ಎಲೆ ಪೇಟೆಯವರಿಗೆಲ್ಲ ಅದು ಹೋಗಿ ಮುಟ್ಟಿತ್ತು. ಉಣ್ಣುತ್ತ ಉಣ್ಣುತ್ತಲೇ ಹೇಳಿದ, ನಾಳೆಯಿಂದ ಆ ಮೂಲೆಗೆ ಬಾಗಿಲು ಹಾಕಿಸುತ್ತೇನೆ, ಹುಬ್ಬಳ್ಳಿಯ ಗಿರಾಕಿಯ ಜೊತೆ ಮಾತಾಡುತ್ತೇನೆ, ಬರುವ ವರ್ಷ ಇನ್ನೂ ದೊಡ್ಡದು ಮಾಡುತ್ತೇನೆ. ಎಲ್ಲದರಲ್ಲೂ ನಾನು, ನಾನು, ನಾನು.

ಕೈಯಲ್ಲಿದ್ದ ಕಡಬು ಕೆಳಗಿಟ್ಟೆ. “ಭಾವಾರ, ಆ ಮೂಲಿ ನಿಂದಽ ಅಂತ ನೀವಽ ಹೇಳಿದ್ರಿ,” ಎಂದೆ.

“ನಾನು? ಯಾವಾಗ ಹೇಳೇನಿ? ಯಾರ ಮುಂದ ಹೇಳೇನಿ?”

“ಅತ್ತ್ಯಾರ ಮುಂದ. ಚಾ ಕುಡಿಯಾಕತ್ತಿದ್ರಿ.”

ಭಾವ ತಾಯಿಯ ಕಡೆ ನೋಡಿದ. “ಏನಬೇ ಯವ್ವಾ, ಹಂಗ ಹೇಳೇನೇನು?”

ಅತ್ತೆ ರೊಟ್ಟಿ ಮುರಿಯುತ್ತ, “ನಂಗ ಎಲ್ಲಿ ಕಿವಿ ಕೇಳ್ತಾವಪಾ,” ಎಂದಳು. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ತೆಗೆದರೆ ಹಿತ್ತಲಿನಿಂದ ಯಾರದು ಎಂದು ಕೇಳುವ ಹೆಂಗಸು! ನಾನು ಸಂಜಯನನ್ನು ನೋಡಿದೆ. ಅವನು ತನ್ನ ಕಾಲಬೆರಳು ನೋಡುತ್ತಿದ್ದ.

“ಕೇಳಿದ್ಯಾ?” ಎಂದ ಭಾವ. “ಮನಿತನದಾಗ ನಂದು ನಿಂದು ಅನ್ನಬಾರದು. ಒಂದು ಹಿಡಿ ಮಣ್ಣರ ನಿನ್ನ ಹೆಸರಲೆ ಐತೇನು ಇಲ್ಲಿ? ನೀರು ಕೊಡು, ಉಣ್ಣಾಕತ್ತೇವಿ.”

ಎದ್ದು ನೀರು ಕೊಟ್ಟೆ. ಆ ಹೊತ್ತಿಗೇ ಮನಸ್ಸಿನಲ್ಲಿ ಅಂದುಕೊಂಡೆ: ಚನ್ನೇಶಪ್ಪಾ, ಇದು ವಾಣಿಶ್ರೀಯ ತೋಟ ಎಂದು ನಿನ್ನ ಬಾಯಿಂದಲೇ, ಮಂದಿಯ ಮುಂದೆ, ನಿನ್ನ ತಾಯಿಗೆ ಕೇಳಿಸುವ ಹಾಗೆ ಹೇಳಿಸದಿದ್ದರೆ ನಾನು ನನ್ನ ತವರು ಹತ್ತಿಮತ್ತೂರಿನ ಮಗಳೇ ಅಲ್ಲ.

ಮರುದಿನವೇ ತಂತಿಬೇಲಿ, ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ. ಕೀಲಿ ಭಾವನ ಉಡದಾರಕ್ಕೆ. ಸಂಕ್ರಾಂತಿಗೆ ಒಂದು ಬೋರ್ಡೂ ಬಂತು, ಅವನ ಹೆಸರು, ಅವನ ಫೋಟೋ. ಫೋಟೋದಲ್ಲಿ ಅವನ ಕೈಯಲ್ಲಿದ್ದ ಹಣ್ಣು ನಮ್ಮ ತೋಟದ್ದೂ ಅಲ್ಲ, ಎಲ್ಲಿಂದಲೋ ತಂದು ಅಂಟಿಸಿದ ಕುಂಬಳಕಾಯಿ ಗಾತ್ರದ್ದು. ದಿನಾ ಬೆಳಿಗ್ಗೆ ಬಾಗಿಲು ತೆರೆದು ನಿಂತು, “ಕೊಯ್ರಿ,” ಎನ್ನುವುದು ಅವನ ಕೆಲಸ. ಕೊಯ್ಯುವುದು ನನ್ನದು, ಚಾಂದಬಿಯದು. ಇಬ್ಬನಿ ಆರುವವರೆಗೆ ಕಾಯುತ್ತಿದ್ದೆವು. ಹಣ್ಣು ಮುಟ್ಟದೆ ತೊಟ್ಟನ್ನು ಉಗುರಿನಿಂದ ಚಿವುಟಿ, ಒಣ ಡಬ್ಬಿಯಲ್ಲಿ ಒಂದರ ಪಕ್ಕ ಒಂದು ಮಲಗಿಸುತ್ತಿದ್ದೆವು. ಮುಕ್ಕಾಲು ಕೆಂಪಾದದ್ದನ್ನೇ ಕೊಯ್ಯುತ್ತಿದ್ದೆ. ದೂರ ಹೋಗುವ ಹಣ್ಣು ದಾರಿಯಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಭಾವ ಡಬ್ಬಿ ಎತ್ತಿಕೊಂಡು ಹೋಗಿ ಹುಬ್ಬಳ್ಳಿಯ ಬಸ್ಸಿಗೆ ಹಾಕುತ್ತಿದ್ದ, ಶಭಾಷ್ ಎನಿಸಿಕೊಂಡು ಮೀಸೆ ತಿರುವುತ್ತ ಬರುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ನಮ್ಮ ಕೈಗೆ, ಮೊಸರು ಅವನ ಬಾಯಿಗೆ. ನಾವು ಯಾಕೆ ಹಾಗೆ ಕೊಯ್ಯುತ್ತೇವೆ, ಯಾಕೆ ಹಾಗೆ ಇಡುತ್ತೇವೆ ಎಂದು ಒಂದು ದಿನವೂ ಅವನು ಕೇಳಲಿಲ್ಲ.

ಚಾಂದಬಿಗೆ ನನಗಿಂತ ಅವಸರ. “ವಾಣಿ, ಕುದಿಯೋ ನೀರು ತಂದು ಬೇರಿಗೆ ಹಾಕಿಬಿಡೂಣು. ಹಣ್ಣೂ ಇಲ್ಲ, ಬೋರ್ಡೂ ಇಲ್ಲ, ಖಲಾಸ್!” ಎಂದಳು.

“ಗಿಡಾ ಏನ್ ಪಾಪ ಮಾಡ್ಯಾವ? ಅವು ನನ್ನ ಗಿಡಾ,” ಎಂದೆ. “ಪಾಪ ಮಾಡಿದಾಂವ ಬ್ಯಾರೆ ಅದಾನ. ತಡಿ.”

ತಡೆದೆ. ಭಾವನ ಮಗಳು ತನುಜಾಳನ್ನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಿದ್ದೆವು. ಹುಡುಗಿ ಬಸುರಿ, ಆರು ತುಂಬಿತ್ತು. ತವರಿನಿಂದ ಬಯಕೆ ಬುತ್ತಿ ಒಯ್ಯಬೇಕು. ಬಸುರಿಯ ಬಾಯಿ ಬಯಸಿದ್ದನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಒಯ್ದು, ಅವಳ ಅತ್ತೆಮನೆಯಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂರಿಸಿ ಬಿಚ್ಚಿ, ಮೊದಲ ತುತ್ತು ಅವಳಿಗೆ ತಿನ್ನಿಸಿ ಉಳಿದದ್ದನ್ನು ಮನೆಮನೆಗೆ ಬೀರುವುದು. ತವರಿನ ಮರ್ಯಾದೆ ಆ ಬುಟ್ಟಿಯಲ್ಲಿರುತ್ತದೆ. ಬೀಗರು ಕರಿಬಸಪ್ಪನವರದು ಊರಿಗೇ ದೊಡ್ಡ ಮನೆತನ. ಭಾವ ಅವರಿಗೆ ಫೋನು ಹಚ್ಚಿ, ಎಲ್ಲರೂ ಹೋಳಿಗೆ ತರುತ್ತಾರೆ, ನಾನು ನನ್ನ ತೋಟದ ಸ್ಟ್ರಾಬೆರಿ ತರುತ್ತೇನೆ, ಊರಿಗೆಲ್ಲ ಬೀರುವಷ್ಟು ತರುತ್ತೇನೆ ಎಂದು ಜಂಬ ಕೊಚ್ಚಿದ. ತನುಜಾ ನನಗೆ ಬೇರೆ ಫೋನು ಮಾಡಿದಳು. “ಚಿಗವ್ವಾ, ಆ ಕೆಂಪು ಹಣ್ಣಿನ ಮ್ಯಾಲೆ ಭಾಳ ಮನಸಾಗೈತಿ. ನೀನಽ ತಗೊಂಡು ಬಾ.” ನಾನೇ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಕೂಸು ಅದು. ತರುತ್ತೇನೆ ಎಂದೆ.

ಹೊರಡುವ ಹಿಂದಿನ ದಿನ ಭಾವ ತಾನೇ ಸಾಲಿಗಿಳಿದ. ಅಂದು ನಮ್ಮ ಕೈ ಬೇಡವಂತೆ, ಮಗಳ ಬುತ್ತಿ ಅಪ್ಪನ ಕೈಯಿಂದಲೇ ಆಗಬೇಕಂತೆ. ಎಲೆ ಕೊಯ್ಯುವ ನಾಲ್ಕು ಮಂದಿಯನ್ನು ಕರೆತಂದಿದ್ದ. ಪೂರಾ ಕೆಂಪಾಗಿ ಮೆತ್ತಗಾದದ್ದನ್ನೇ ಆರಿಸಿ ತೊಟ್ಟು ಬಿಟ್ಟು ಎಳೆದು ಕಿತ್ತರು. ಆದರೂ ನಾನು ಒಂದು ಬದಿಗೆ ಕೂತು ಕೊಯ್ದ ಮುಕ್ಕಾಲು ಕೆಂಪಿನವನ್ನು ನೋಡಿ, “ಇವು ಕಾಯಿ. ಬೀಗರ ಮುಂದ ಕಾಯಿ ಒಯ್ಯಲೇನು? ನೀನಽ ಇಟ್ಕೋ, ಉಪ್ಪಿನಕಾಯಿ ಹಾಕು,” ಎಂದ.

“ಆತ್ರಿ ಭಾವಾರ,” ಎಂದೆ. ಅವನ್ನು ನಮ್ಮೂರ ಕುರುಕು ತಿಂಡಿ ಸವಣೂರು ಖಾರದ ಒಂದು ಖಾಲಿ ರಟ್ಟಿನ ಡಬ್ಬಿಯಲ್ಲಿ ಒಣ ಕಾಗದ ಹಾಸಿ ಮಲಗಿಸಿದೆ. ಮುಚ್ಚಳ ಹಾಕಿದರೆ ಯಾರು ನೋಡಿದರೂ ಖಾರವೇ.

ಸಂಜೆ ಪಡಸಾಲೆಯಲ್ಲಿ ಹಣ್ಣು ಕಟ್ಟುವ ಕೆಲಸ. ಬಾಳೆಎಲೆ, ಬಾಳೆನಾರು, ಗೋಣಿತಟ್ಟು, ಎಲೆ ಬುಟ್ಟಿ ಎಲ್ಲ ಬಂದವು. ವೀಳ್ಯದೆಲೆಯನ್ನು ನಾವು ಕಟ್ಟುವುದು ಹೀಗೆ: ನೀರು ಚಿಮುಕಿಸಿ, ಒತ್ತಾಗಿ ಜೋಡಿಸಿ, ಬಾಳೆಎಲೆ ಸುತ್ತಿ, ಗಟ್ಟಿ ಬಿಗಿದು, ಮೇಲೆ ತೊಯ್ದ ಗೋಣಿ. ಹೀಗೆ ಕಟ್ಟಿದ ಎಲೆ ಮುಂಬಯಿ ಮುಟ್ಟಿದರೂ ಹಸಿರಾಗಿರುತ್ತದೆ. ನೀರು ಕಾಣದ ಎಲೆ ಸಂಜೆಯೊಳಗೆ ಸತ್ತ ಹಾಗೆಯೇ. ಅದು ಅವರ ರಕ್ತದಲ್ಲಿ ಬಂದ ವಿದ್ಯೆ. ಭಾವ ಹಣ್ಣಿನ ರಾಶಿಯ ಮುಂದೆ ಕೂತು ತೋಳು ಮಡಚಿದವನು ಯಾಕೋ ಒಂದು ಕ್ಷಣ ತಡೆದ. ನನ್ನ ಕಡೆ ತಿರುಗಿದ.

“ವಾಣೀ, ಇವಕ್ಕ ನೀರು ಹೊಡೀಬೇಕಲ್ಲ?”

ಬಾಗಿಲಲ್ಲಿ ನಿಂತಿದ್ದ ಚಾಂದಬಿ ನನ್ನ ಕಡೆ ನೋಡಿದಳು. ನನಗೂ ಒಂದು ಗಳಿಗೆ ಬಾಯಿತುದಿಗೆ ಬಂತು. ಬ್ಯಾಡ್ರಿ ಎನ್ನುವುದು ಎಷ್ಟು ಸಣ್ಣ ಮಾತು! ಆದರೆ ಕಿವಿಯಲ್ಲಿ ಇನ್ನೊಂದು ಮಾತು ಕೇಳಿಸಿತು. ಒಂದು ಹಿಡಿ ಮಣ್ಣರ ನಿನ್ನ ಹೆಸರಲೆ ಐತೇನು?

“ನೀವು ಹುಟ್ಟಾ ಎಲಿ ಮಂದಿ,” ಎಂದೆ. “ಎಲಿ ಮಂದಿಗೆ ನಾ ಏನ್ ಹೇಳ್ಲಿ ಭಾವಾರ? ನೀರು ತಂದುಕೊಡಲೇನ್ರಿ?”

“ತಾ ಮತ್ತ, ನಿಂತು ನೋಡ್ತೀಯೇನು!”

ತುಂಬಿದ ಕೊಡ ತಂದು ಅವನ ಮುಂದೆ ಇಟ್ಟೆ. ತಂಬಿಗೆಯನ್ನೂ ಇಟ್ಟೆ. ಅವನು ಕೈತುಂಬ ನೀರು ತೆಗೆದು ಹಣ್ಣಿಗೆ ಚಿಮುಕಿಸಿದ, ಬಾಳೆಎಲೆಗೆ ತುಂಬಿದ, ಅಂಗೈಯಿಂದ ಒತ್ತಿದ, ನಾರು ಬಿಗಿದ. ಮೇಲೆ ಗೋಣಿ ತೋಯಿಸಿ ಹೊದಿಸಿದ. ಖರೇ ಹೇಳುತ್ತೇನೆ, ಅವನು ಬಿಗಿದ ಒಂದೊಂದು ಗಂಟಿಗೂ ನನ್ನ ಎದೆಯ ಒಂದೊಂದು ಗಂಟು ಸಡಿಲಾಗುತ್ತಿತ್ತು. ಮಲಗುವ ಮುಂಚೆ ಇನ್ನೊಂದು ಸುತ್ತು ನೀರು ಹೊಡೆಯಲೆ ಎಂದು ನಾನೇ ಕೇಳಿದೆ. “ಹೊಡಿ, ಹೊಡಿ, ತಂಪಿರ್ಲಿ,” ಎಂದ. ಹೊಡೆದೆ. ಬೆಳಿಗ್ಗೆ ಅವನೇ ಮತ್ತೊಮ್ಮೆ ಹೊಡೆದ.

ಕ್ರೂಸರ್ ಗಾಡಿಯಲ್ಲಿ ಹೊರಟೆವು. ಹೋಳಿಗೆ, ಕರ್ಚಿಕಾಯಿ, ಮೊಸರನ್ನದ ಬುತ್ತಿಗಳು ಕಾಲಬುಡದಲ್ಲಿ. ಭಾವನ ಹೆಂಡತಿ ಮಂಜವ್ವ, ಅತ್ತೆ, ಸಂಜಯ, ನಾನು, ಓಣಿಯ ಮುತ್ತೈದೆಯರು. ಹಣ್ಣಿನ ಬುಟ್ಟಿಯನ್ನು ಮಾತ್ರ ಭಾವ ಯಾರ ಕೈಗೂ ಕೊಡದೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಖಾರದ ಡಬ್ಬಿ ನನ್ನ ಮಡಿಲಲ್ಲಿತ್ತು. ಹಾವೇರಿ ದಾಟಿದ ಮೇಲೆ ಬಿಸಿಲು ಏರಿತು. ಗಾಡಿಯೊಳಗೆ ಏನೋ ಹುಳಿ ವಾಸನೆ.

“ಮೊಸರನ್ನ ಹುಳಿ ಆತೇನ?” ಎಂದಳು ಮಂಜವ್ವ.

“ಇಲ್ಲಕ್ಕಾ, ಮೊಸರನ್ನಾ ಚಲೋ ಐತಿ,” ಎಂದೆ.

ಚಿಕ್ಕೇರೂರಿನಲ್ಲಿ ಬೀಗರ ಅಂಗಳ ತುಂಬಿತ್ತು. ಭಾವ ಗಾಡಿಯಿಂದ ಇಳಿದ. ಹೊಸ ಬಿಳಿ ಧೋತರ ಉಟ್ಟಿದ್ದ. ತೊಡೆಯಿಂದ ಮೊಣಕಾಲಿನವರೆಗೆ ಕೆಂಪು ರಸ ಇಳಿದಿತ್ತು. ಅವನಿಗೇ ಗೊತ್ತಿರಲಿಲ್ಲ. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದರೆ ಹೊಸ್ತಿಲ ಮೇಲೆ ತಟಕ್ ತಟಕ್ ಎಂದು ಕೆಂಪು ಹನಿ.

“ಅಯ್ಯ ಶಿವನಽ!” ಎಂದು ಕರಿಬಸಪ್ಪನವರ ಮುದಿ ತಾಯಿ ಬಾಯಿಗೆ ಸೆರಗು ಒತ್ತಿದಳು. ಬಸುರಿಯ ಮನೆಯ ಹೊಸ್ತಿಲು, ಕೆಂಪು ಹನಿ. ಹಣ್ಣು ಕೆಡುತ್ತದೆ ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ, ಹೊಸ್ತಿಲ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ಒಳಗೆ ಚಾಪೆಯ ಮೇಲೆ ಹಸಿರು ಸೀರೆ ಉಟ್ಟು ಕೂತಿದ್ದ ತನುಜಾಳ ಮುಖ ಸಣ್ಣದಾಯಿತು.

ಭಾವ ಮಾತ್ರ, “ಹಣ್ಣಿನ ರಸಾರಿ, ಹಣ್ಣಿನ ರಸಾ! ಮಾಗಿ ಮಾಗಿ ತುಂಬ್ಯಾವ!” ಎನ್ನುತ್ತ ಬುಟ್ಟಿಯನ್ನು ನಡುಮನೆಯಲ್ಲಿಟ್ಟು ಗೋಣಿ ಸರಿಸಿ ನಾರು ಬಿಚ್ಚಿದ. ಬಾಳೆಎಲೆ ತೆರೆದದ್ದೇ ತಡ, ಹಳಸಿದ ಹೆಂಡದಂಥ ವಾಸನೆ ಮನೆತುಂಬ ಹಬ್ಬಿತು. ಹಣ್ಣಿರಲಿಲ್ಲ, ರಾಡಿ ಇತ್ತು. ಅದರ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಬೂಸ್ಟು ಬೆಕ್ಕಿನ ಕೂದಲಿನ ಹಾಗೆ ಎದ್ದಿತ್ತು. ಎರಡನೆಯ ಕಟ್ಟು ಬಿಚ್ಚಿದ, ಅದೂ ಅಷ್ಟೇ. ಮೂರನೆಯದನ್ನು ಬಿಚ್ಚಲು ಕೈ ಬರಲಿಲ್ಲ.

ಮುದುಕಿ ಕಟುವಾಗಿಯೇ ಕೇಳಿದಳು. “ಬಸುರಿ ಹುಡುಗಿಗೆ ಬೂಸ್ಟು ಹತ್ತಿದ್ದು ತಂದೀರಲ್ಲ, ಯಾರ ತ್ವಾಟದ್ದಪಾ ಇದು?”

ಕರಿಬಸಪ್ಪನವರು ಮೆಲ್ಲಗೆ, “ನಿಮ್ಮ ತ್ವಾಟದ್ದಽ ಅಂದಿದ್ರಲ್ಲರಿ ಬೀಗರ?” ಎಂದರು.

ಭಾವನ ಹಣೆಯಲ್ಲಿ ಬೆವರು. ಸುತ್ತ ನೋಡಿದ. ಊರಿನ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಅವನ ಕಣ್ಣು ಹುಡುಕುತ್ತ ಹುಡುಕುತ್ತ ನನ್ನ ಮೇಲೆ ಬಂದು ನಿಂತವು.

“ನಂದಲ್ಲರೀ!” ಎಂದ. “ನಾ ಎಲಿ ಮನಷಾ, ನಂಗೇನ್ ಗೊತ್ತು ಈ ಹಣ್ಣಿಂದು? ಆ ಮೂಲಿ ನಮ್ಮ ಸಂಜಯನ ಹೆಣ್ತಿದು. ಗಿಡಾ ಹಚ್ಚಿದಾಕಿ ಅಕಿ, ತ್ವಾಟಾ ಅಕಿದು, ಹಣ್ಣೂ ಅಕಿದು. ಏನರ ಕೇಳೋದಿದ್ರ ಅಕಿನ್ನ ಕೇಳ್ರಿ!”

ಅವನ ಹೆಸರು ಕೆಡಿಸುವುದಷ್ಟೇ ನನ್ನ ಕೈಯಲ್ಲಿತ್ತು ಎಂದುಕೊಂಡಿದ್ದೆ. ನಾನು ಬಯಸಿದ ಮಾತನ್ನು ಅವನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ.

ಎರಡು ಹೆಜ್ಜೆ ಮುಂದೆ ಬಂದೆ. “ಭಾವಾರ, ಇನ್ನೊಮ್ಮೆ ಹೇಳ್ರಿ. ಅತ್ತ್ಯಾರಿಗೆ ಕಿವಿ ಕೇಳಂಗಿಲ್ಲ.”

ಅವನು ಗಂಟಲು ಹರಿಯುವ ಹಾಗೆ ಕೂಗಿದ. “ಆ ಸತ್ತ ಮೂಲಿ ನಿಂದು! ನಿಂದಽ! ನಂಗೂ ಅದಕ್ಕೂ ಸಂಬಂಧಿಲ್ಲ! ಸಾಕೇನು?”

ನಾನು ಅತ್ತೆಯ ಕಡೆ ತಿರುಗಿದೆ. ಸುಶೀಲವ್ವ ಮಗನ ಧೋತರದ ಮೇಲಿನ ಕೆಂಪು ನೋಡಿದಳು, ಬುಟ್ಟಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೀಗರ ಮನೆಯಲ್ಲಿ ಸುಳ್ಳು ಹೇಳಲು ಅವಳಿಗೂ ಧೈರ್ಯ ಬರಲಿಲ್ಲವೇನೋ. ಅಥವಾ ಆ ಚಹಾದ ಬೆಳಗು ಅವಳನ್ನೂ ಚುಚ್ಚುತ್ತಿತ್ತೋ, ನನಗೆ ಗೊತ್ತಿಲ್ಲ.

“ಕೇಳ್ತವಾ,” ಎಂದಳು. “ಈ ಸಲ ಚಲೋ ಕೇಳ್ತು.”

“ನೀವೂ ಕೇಳಿದ್ರಲ್ಲರಿ?” ಎಂದು ಕರಿಬಸಪ್ಪನವರನ್ನು ಕೇಳಿದೆ. ಅವರು ಏನೂ ತಿಳಿಯದೆ ಹೂಂ ಎಂದು ತಲೆಯಾಡಿಸಿದರು.

ಆಗ ಖಾರದ ಡಬ್ಬಿಯ ಮುಚ್ಚಳ ತೆಗೆದೆ. ನಿನ್ನೆಯ ‘ಕಾಯಿ’ಗಳು ಬಣ್ಣ ತುಂಬಿಕೊಂಡು, ಹಸಿರು ತೊಟ್ಟು ಹೊತ್ತು, ಒಣ ಕಾಗದದ ಮೇಲೆ ಗಟ್ಟಿಮುಟ್ಟಾಗಿ ಮಲಗಿದ್ದವು. “ನನ್ನ ತ್ವಾಟದ ಹಣ್ಣು ಇವು ನೋಡ್ರಿ. ಅದಽ ಗಿಡದ್ದು, ಅದಽ ದಿನಾ ಕೊಯ್ದದ್ದು. ಇವಕ್ಕ ನೀರು ತಾಗಿಲ್ಲ ಅಷ್ಟಽ.” ತನುಜಾಳ ಮುಂದೆ ಕೂತು ತೊಟ್ಟು ಹಿಡಿದು ಒಂದನ್ನು ಅವಳ ಬಾಯಿಗಿಟ್ಟೆ. ಹುಡುಗಿ ಕಣ್ಣು ಮುಚ್ಚಿ ಅಗಿದಳು. ಗಲ್ಲದ ಮೇಲೆ ರಸ ಇಳಿಯಿತು, ನಕ್ಕಳು. “ಇನ್ನೊಂದು ಕೊಡು ಚಿಗವ್ವಾ,” ಎಂದಳು. ಮುದುಕಿ ಹೊಸ್ತಿಲಿಗೆ ನೀರು ಹಾಕಿ ತೊಳೆಯಿಸಿ ಅರಿಷಿಣ ಕುಂಕುಮ ಏರಿಸಿದಳು, ಆಮೇಲೆ ತಾನೂ ಒಂದು ಹಣ್ಣು ಕೇಳಿ ಇಸಿದುಕೊಂಡಳು.

ನಾನಿನ್ನೂ ಮುಗಿಸಿರಲಿಲ್ಲ. ಎದ್ದು ಭಾವನ ಮುಂದೆ ಕೈಚಾಚಿದೆ.

“ಏನು?” ಎಂದ.

“ಕೀಲಿ ಕೊಡ್ರಿ. ನಿಮಗೂ ಅದಕ್ಕೂ ಸಂಬಂಧಿಲ್ಲ ಅಂದಿರಿ. ಸಂಬಂಧಿಲ್ಲದ ಕೀಲಿ ಉಡದಾರಕ್ಕ ಯಾಕ?”

ಮೂಲೆಯಲ್ಲಿ ಯಾರೋ ಹೆಂಗಸು ಕಿಸಕ್ಕೆಂದಳು. ಭಾವ ಬೀಗರ ಮುಖ ನೋಡಿದ, ತಾಯಿಯ ಮುಖ ನೋಡಿದ. ಅಂಟು ಅಂಟಾದ ಬೆರಳುಗಳಿಂದ ಗಂಟು ಬಿಚ್ಚಲಾಗದೆ ಒದ್ದಾಡಿದ. ಆಗ ಸಂಜಯ, ನನ್ನ ಗಂಡ, ಕಾಲಬೆರಳು ನೋಡುವ ನನ್ನ ಗಂಡ ಎದ್ದು ಬಂದ. ಬಗ್ಗಿ ಅಣ್ಣನ ಉಡದಾರದ ಗಂಟು ಬಿಚ್ಚಿ ಆ ಒಂದು ಕೀಲಿ ತೆಗೆದು ನನ್ನ ಕೈಯಲ್ಲಿಟ್ಟ. ಒಂದು ಮಾತೂ ಆಡಲಿಲ್ಲ. ಆಡದಿದ್ದರೆ ಕತ್ತೆ ಬಾಲ, ಅಷ್ಟು ಸಾಕಿತ್ತು ನನಗೆ.

ತಿರುಗಿ ಬರುವಾಗ ಭಾವ ಮುಂದಿನ ಸೀಟಿನಲ್ಲಿ ತೊಡೆಯ ಮೇಲಿನ ಕಲೆಗೆ ಟವೆಲ್ ಮುಚ್ಚಿಕೊಂಡು ಕೂತಿದ್ದ. ಹಾವೇರಿ ಬಂತು, ದಾಟಿತು. ಸವಣೂರಿನ ದಾರಿ ಹಿಡಿದ ಮೇಲೆ ಹಿಂದೆ ತಿರುಗದೆಯೇ ಕೇಳಿದ.

“ವಾಣೀ. ನೀರು ಹೊಡೀಬಾರದು ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ತ್ರಿ.”

“ಮತ್ತ ಹೇಳಬೇಕಿತ್ತೋ ಇಲ್ಲೋ?”

ನಾನು ಕೀಲಿಯನ್ನು ಸೆರಗಿನ ತುದಿಗೆ ಕಟ್ಟುತ್ತಿದ್ದೆ. ಗಂಟು ಬಿಗಿಯುವವರೆಗೆ ಅವನನ್ನು ಕಾಯಿಸಿದೆ.

“ಯಾರ ಮುಂದ ಹೇಳ್ಲಿ ಭಾವಾರ?” ಎಂದೆ.